ಬಾನೆಟ್ಟಿಗೆ ಕಟ್ಟಿದ ಒಂದು ಲೀಟರ್

ಗಾಡಿ ಬಹಳ ಪೆಟ್ರೋಲ್ ಕುಡಿಯುತ್ತದೆ ಎಂದು ಯಾರಾದರೂ ನಿಮ್ಮ ಗ್ಯಾರೇಜಿಗೆ ಬಂದರೆ, ದಯವಿಟ್ಟು ಮೊದಲು ಬಾನೆಟ್ ಎತ್ತಬೇಡಿ. ಬಂದವರನ್ನು ಕೂರಿಸಿ, ಒಂದು ಕಪ್ ಚಹಾ ತರಿಸಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿ. ಇದನ್ನು ಯಾವ ಐಟಿಐಯಲ್ಲೂ ಕಲಿಸುವುದಿಲ್ಲ. ನನಗೂ ಯಾರೂ ಕಲಿಸಲಿಲ್ಲ. ರಾಣೇಬೆನ್ನೂರಿನ ಒಬ್ಬ ಎಂಬತ್ತು ದಾಟಿದ ಅಜ್ಜಿ ಕಲಿಸಿದಳು, ಆಕೆಗೆ ಸ್ಪ್ಯಾನರಿಗೂ ಸ್ಕ್ರೂಡ್ರೈವರಿಗೂ ವ್ಯತ್ಯಾಸ ಗೊತ್ತಿರಲಿಲ್ಲ.

ನಾನು ಈರಣ್ಣ. ನಮ್ಮ ಕಡೆ ಮೈಲೇಜ್ ಎನ್ನುವುದಿಲ್ಲ, ಆ್ಯವರೇಜ್ ಎನ್ನುತ್ತಾರೆ. ಹಳೆಯ ಕಾರುಗಳ ಆ್ಯವರೇಜ್ ಕೂಡಿಸಿ ಕೊಡುವುದರಲ್ಲಿ ನನ್ನ ಆಯುಷ್ಯ ಕಳೆಯಿತಾದ್ದರಿಂದ ಹಾವೇರಿಯಿಂದ ಬ್ಯಾಡಗಿಯವರೆಗೆ ನಾನು ಆ್ಯವರೇಜ್ ಈರಣ್ಣ. ಮದುವೆಯ ಪತ್ರಿಕೆಗಳ ಮೇಲೂ ಹಾಗೆಯೇ ಬರೆದು ತಂದುಕೊಡುತ್ತಾರೆ. ಈಗ ಗ್ಯಾರೇಜ್ ಬಿಟ್ಟು ಮನೆಯಲ್ಲಿದ್ದೇನೆ. ಇದ್ದೇನೆ ಎಂದರೆ ಸುಮ್ಮನಿದ್ದೇನೆ ಎಂದಲ್ಲ. ಬೆಳಿಗ್ಗೆ ವಾಕಿಂಗ್ ಹೋದರೆ ದಾರಿಯಲ್ಲಿ ನಿಂತ ಕಾರುಗಳ ಹೊಗೆ ಕೊಳವೆಗೆ ಬೆರಳು ಹಾಕಿ ನೋಡುತ್ತೇನೆ. ಹೆಂಡತಿ ಈ ಕಾರಣಕ್ಕೆ ನನ್ನ ಜೊತೆ ವಾಕಿಂಗ್ ಬರುವುದನ್ನು ನಿಲ್ಲಿಸಿದ್ದಾಳೆ.

ಬೆರಳು ಹಾಕುವುದನ್ನು ಕಲಿಸಿದವರು ಹಾವೇರಿಯ ನನ್ನ ಉಸ್ತಾದರು. ಗ್ಯಾರೇಜಿಗೆ ಸೇರಿದ ಮೊದಲ ವಾರ ಅವರು ನನಗೆ ಒಂದು ನಟ್ಟನ್ನೂ ಮುಟ್ಟಗೊಡಲಿಲ್ಲ. ಬಂದ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕೊಳವೆಯೊಳಗೆ ಬೆರಳಾಡಿಸಿ, ಬಣ್ಣ ಹೇಳಬೇಕಿತ್ತು. ಒಣ ಕಪ್ಪು ಮಸಿ ಬಂದರೆ ಗಾಡಿ ಸುಡುವುದಕ್ಕಿಂತ ಹೆಚ್ಚು ಪೆಟ್ರೋಲ್ ನುಂಗುತ್ತಿದೆ ಎಂದರ್ಥ. ಜಿಡ್ಡು ಬಂದರೆ ಎಣ್ಣೆಯೂ ಹೋಗುತ್ತಿದೆ. ಬೂದು ಬಣ್ಣ ಬಂದರೆ ಮಾಲೀಕ ಸುಳ್ಳು ಹೇಳುತ್ತಿದ್ದಾನೆ, ಗಾಡಿ ಚೆನ್ನಾಗಿಯೇ ಇದೆ. ಸರಿಯಾಗಿ ಹೇಳಿದರೆ ಉಸ್ತಾದರು ಆ ಮಸಿಯನ್ನೇ ನಮ್ಮ ಕೆನ್ನೆಗೆ ಒರೆಸುತ್ತಿದ್ದರು. ಅದೇ ಸರ್ಟಿಫಿಕೇಟ್. ನಾನು ಕರಿ ಮೋರೆಯಲ್ಲಿ ಮನೆಗೆ ಹೋದ ದಿನ ಅವ್ವನಿಗೆ ಮಗ ಉದ್ಧಾರವಾಗುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು.

ಉಸ್ತಾದರಿಗೆ ಒಂದೇ ಒಂದು ಹುಚ್ಚಿತ್ತು. ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಬಿಲ್ಲೆಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇದು ಚಳಿ ದೇಶದವರ ಸಾಮಾನು, ನಮ್ಮ ಬಿಸಿಲಿಗೆ ಯಾಕೆ ಎಂದು ಬಂದ ಗಾಡಿಯಿಂದೆಲ್ಲ ಕಿತ್ತು ಡಬ್ಬಿಗೆ ಎಸೆಯುತ್ತಿದ್ದರು. ನಮ್ಮ ಭಾಗದ ಎಲ್ಲ ಗ್ಯಾರೇಜುಗಳಲ್ಲೂ ಇದೇ ಪದ್ಧತಿ. ಗಾಡಿ ಕಾದು ಕುದಿಯುತ್ತಿರಲಿಲ್ಲ, ಮಾಲೀಕ ಖುಷಿಯಾಗುತ್ತಿದ್ದ. ಎಂಜಿನ್ ಮಾತ್ರ ಸದಾ ತಣ್ಣಗಿದ್ದು, ಚಳಿಯಲ್ಲಿ ಬೆಲ್ಲದ ಚಹಾ ಕುಡಿದ ಹಾಗೆ ಪೆಟ್ರೋಲ್ ಕುಡಿಯುತ್ತಿತ್ತು. ಬೇಸಿಗೆಯಲ್ಲಿ ಆ ಬಿಲ್ಲೆ ಕಿತ್ತು, ಮಳೆಗಾಲದಲ್ಲಿ ಆ್ಯವರೇಜ್ ಇಲ್ಲ ಎಂದು ಬಂದ ಅದೇ ಗಾಡಿಯ ಕಾರ್ಬೊರೇಟರ್ ಬಿಚ್ಚುತ್ತಿದ್ದೆವು. ಮುಂದೆ ನನ್ನದೇ ಗ್ಯಾರೇಜ್ ಹಾಕಿದ ಮೇಲೆ ನನ್ನ ಅರ್ಧ ಕೀರ್ತಿ ಬಂದದ್ದು ಉಸ್ತಾದರು ಕಿತ್ತ ಬಿಲ್ಲೆಗಳನ್ನು ಮರಳಿ ಕೂರಿಸಿದ್ದರಿಂದ. ಅವರಿಗೆ ಹೇಳಲಿಲ್ಲ. ಗುರುಗಳ ತಪ್ಪಿನ ಮೇಲೆ ಶಿಷ್ಯನ ಮನೆ ನಡೆಯುವುದು ಹೊಸದೇನಲ್ಲ.

ಇನ್ನು ಏರ್ ಫಿಲ್ಟರಿನ ವಿಚಾರ. ಗಾಳಿ ಸೋಸುವ ಈ ಡಬ್ಬಿಯನ್ನು ತೆರೆದರೆ ಗಾಡಿ ಯಾವ ಊರಿನದೆಂದು ಕೇಳದೆ ಹೇಳುತ್ತಿದ್ದೆ. ಎರೆ ಮಣ್ಣಿನ ಕಪ್ಪು ಧೂಳು ಮೆತ್ತಿದ್ದರೆ ಕರ್ಜಗಿ ಕಡೆಯದು. ಹಳದಿಯಿದ್ದರೆ ದೇವರಗುಡ್ಡದ್ದು, ಅಲ್ಲಿಯ ಭಕ್ತರು ಹೊಸ ಗಾಡಿಯ ಪೂಜೆಗೆ ಬಾನೆಟ್ ಎತ್ತಿ ಮೈಲಾರಲಿಂಗನ ಭಂಡಾರದ ಅರಿಸಿನಪುಡಿಯನ್ನು ಒಳಗೇ ಎರಚುತ್ತಾರೆ. ದೇವರು ಎಂಜಿನ್ನಿನೊಳಗೆ ನೇರ ಇಳಿಯಲಿ ಎಂದು. ಕೆಂಪಗಿದ್ದರೆ ಬ್ಯಾಡಗಿ. ಮೆಣಸಿನಕಾಯಿ ಪೇಟೆಯಲ್ಲಿ ಓಡಾಡುವ ಗಾಡಿಯ ಫಿಲ್ಟರು ಮದುಮಗಳ ಸೀರೆಯ ಹಾಗಿರುತ್ತದೆ.

ಕೆಲಸಕ್ಕೆ ಹೊಸಬನಿದ್ದಾಗ ಅಂಥ ಒಂದು ಕೆಂಪು ಫಿಲ್ಟರ್ ನನ್ನ ಕೈಗೆ ಬಂತು. ಕಂಪ್ರೆಸರಿನ ಗಾಳಿ ಹಿಡಿದು ಊದಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರಲ್ಲ, ಹಾಗೆನ್ನುವವರು ಅದನ್ನು ಕಂಪ್ರೆಸರಿನಲ್ಲಿ ಊದಿ ನೋಡಿಲ್ಲ. ಒಂದು ಕೆಂಪು ಮೋಡ ಎದ್ದು ಬೀದಿಗೆ ಹೋಯಿತು. ಪಕ್ಕದ ಕ್ಷೌರದಂಗಡಿಯವನು ಗಿರಾಕಿಯ ಗಂಟಲ ಮೇಲಿಟ್ಟ ಕತ್ತಿಯನ್ನು ಸಮಯಕ್ಕೆ ಸರಿಯಾಗಿ ಎತ್ತಿಕೊಂಡು ಹೊರಗೋಡಿ ಬಂದು ಸೀನಿದ. ಅರ್ಧ ಗಡ್ಡದ ಗಿರಾಕಿ ಹಿಂದೆಯೇ ಬಂದು ಸೀನಿದ. ಎದುರಿನ ಬಟ್ಟೆ ಅಂಗಡಿ, ಅದರಾಚೆಯ ಪಾತ್ರೆ ಅಂಗಡಿ, ಸಾಲಾಗಿ ಎಲ್ಲರೂ ಸೀನಿದರು. ಉಸ್ತಾದರು ಸೀನುಗಳ ನಡುವೆ ನನ್ನನ್ನು ಬೈಯಲು ಎಷ್ಟು ಪ್ರಯತ್ನಪಟ್ಟರೂ ಒಂದು ಬೈಗುಳವೂ ಪೂರ್ತಿಯಾಗಲಿಲ್ಲ. ಆದ್ದರಿಂದ ಫಿಲ್ಟರನ್ನು ಊರ ಹೊರಗೆ, ಗಾಳಿ ನೋಡಿಕೊಂಡು ಊದಬೇಕು. ಬರೆದುಕೊಳ್ಳಿ.

ಇವೆಲ್ಲ ಗಾಡಿಯ ರೋಗಗಳು. ಇನ್ನು ಹೇಳುವುದು ಗಾಡಿಯದ್ದೋ ಮನುಷ್ಯರದ್ದೋ ಎಂದು ನನಗೆ ಕೊನೆಯವರೆಗೆ ತಿಳಿಯದೆ ಹೋದ ಒಂದು ರೋಗ.

ಆಗ ನನ್ನ ಗ್ಯಾರೇಜ್ ರಾಣೇಬೆನ್ನೂರಿನಲ್ಲಿ, ಹಾವೇರಿ ರಸ್ತೆಯ ಬದಿಗಿತ್ತು. ಚನ್ನಬಸಪ್ಪ ಎಂಬ ಬೀಜದ ಅಂಗಡಿಯ ಸಾಹುಕಾರರು ತಮ್ಮ ಹಳೆಯ ಬಿಳಿ ಕಾರನ್ನು ತಂದರು. ಕಾರ್ಬೊರೇಟರ್ ಇದ್ದ ಕೊನೆಯ ಕಾರುಗಳಲ್ಲಿ ಅದೂ ಒಂದು. ಆ ಕಾರೆಂದರೆ ಅವರಿಗೆ ಜೀವ. ಸ್ವಂತ ತಮ್ಮ ಬಂದು ಕೇಳಿದರೂ ಕೀಲಿ ಕೊಟ್ಟವರಲ್ಲ. ಹೆಂಡತಿ ಶಾರದಾ ಹಿಂದಿನ ಸೀಟಿನಲ್ಲಿ, ತಾಯಿ ಗಂಗವ್ವ ಅವಳ ಪಕ್ಕದಲ್ಲಿ. ಮುಂದಿನ ಸೀಟಿನಲ್ಲಿ ಬೀಜದ ಚೀಲ. ಕಾರು ಹೀಗೆಯೇ ವರ್ಷಗಟ್ಟಲೆ ಮರ್ಯಾದೆಯಾಗಿ ಓಡುತ್ತಿತ್ತು. ಆದರೆ ಈಗೀಗ ಪೆಟ್ರೋಲ್ ನಿಲ್ಲುತ್ತಿಲ್ಲ ಎಂದರು.

ಕಾರಿನ ಕಿಲೋಮೀಟರ್ ಮೀಟರ್ ಸತ್ತು ಎಷ್ಟೋ ಕಾಲವಾಗಿತ್ತು. ಅವರ ಲೆಕ್ಕವೆಲ್ಲ ಊರುಗಳ ಮೇಲೆ. ಒಮ್ಮೆ ಟ್ಯಾಂಕ್ ತುಂಬಿಸಿದರೆ ಹಿಂದೆ ಇಷ್ಟು ಸಲ ಹಾವೇರಿಗೆ ಹೋಗಿ ಬರುತ್ತಿದ್ದೆ, ಈಗ ಅದರರ್ಧವೂ ಆಗುತ್ತಿಲ್ಲ ಎಂದು. ಮೊದಲು ಬಂಕಿನವರ ಮೇಲೆ ಅನುಮಾನಪಟ್ಟು ಬಂಕ್ ಬದಲಿಸಿದರಂತೆ. ಆಮೇಲೆ ಓಣಿಯ ಹುಡುಗರು ಪೈಪ್ ಹಾಕಿ ಪೆಟ್ರೋಲ್ ಹೀರುತ್ತಾರೆಂದು ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದರಂತೆ. ಬೀಗದೊಳಗಿದ್ದುಕೊಂಡೇ ಪೆಟ್ರೋಲ್ ಮಾಯವಾಗುತ್ತಿತ್ತು. ಈ ಸಲ ನಿನ್ನ ಕೈಲೂ ಆಗದಿದ್ದರೆ ಮಾರುವುದೇ ಸರಿ, ಹಾವೇರಿಯ ಒಬ್ಬರು ಕೇಳಿದ್ದಾರೆ ಎಂದು ಹೇಳುತ್ತಲೇ ಅವರು ಹೆಗಲ ವಸ್ತ್ರದಿಂದ ಬಾನೆಟ್ಟಿನ ಧೂಳು ಒರೆಸಿದರು. ನನಗೂ ಬೇಜಾರಾಯಿತು.

ನಾನು ಕಾರನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬಿಡುವ ಚೋಕ್ ವೈರ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಸರಿ ಮಾಡಿದೆ. ಜ್ಯಾಕ್ ಹಾಕಿ ಚಕ್ರ ತಿರುಗಿಸಿದರೆ ಹಿಂದಿನ ಒಂದು ಚಕ್ರ ಬ್ರೇಕಿಗೆ ಅಂಟಿಕೊಂಡು ಮುಲುಗುತ್ತಿತ್ತು, ಬಿಡಿಸಿದೆ. ಫಿಲ್ಟರ್ ಬದಲಿಸಿದೆ. ನಿರೀಕ್ಷೆಯಂತೆ ಥರ್ಮೋಸ್ಟ್ಯಾಟ್ ಇರಲಿಲ್ಲ, ಹಾಕಿದೆ. ಡಿಕ್ಕಿಯಲ್ಲಿ ಬೀಜದ ಚೀಲಗಳ ಅಡಿಯಲ್ಲಿ ರುಬ್ಬುವ ಒಂದು ಒಳಕಲ್ಲು ಸಿಕ್ಕಿತು. ಯಾರದೋ ಮನೆಗೆ ಕೊಡಲು ಇಟ್ಟದ್ದು ಮರೆತೇ ಹೋಗಿತ್ತಂತೆ, ಇಳಿಸಿದೆ. ಇಷ್ಟು ಮಾಡಿದ ಮೇಲೆ ಹುರುಪು ಹೆಚ್ಚಾಗಿ, ಯಾರೂ ಕೇಳದಿದ್ದರೂ, ಸತ್ತುಹೋಗಿದ್ದ ಮೀಟರಿಗೆ ಹೊಸ ಕೇಬಲ್ ಹಾಕಿ ಜೀವ ಕೊಟ್ಟೆ. ಪುಕ್ಕಟೆ. ನನ್ನ ಕಡೆಯಿಂದ ಒಂದು ಪ್ರೀತಿಯ ಕಾಣಿಕೆ ಇರಲಿ ಎಂದು. ಜೀವನದಲ್ಲಿ ನಾನು ಮಾಡಿದ ಪುಕ್ಕಟೆ ಕೆಲಸಗಳಲ್ಲಿ ಅಷ್ಟು ಗೊಂದಲ ಎಬ್ಬಿಸಿದ್ದು ಇನ್ನೊಂದಿಲ್ಲ.

ಮುಂದಿನ ಗುರುವಾರ ಮಧ್ಯಾಹ್ನ ಅದೇ ಬಿಳಿ ಕಾರು ಗ್ಯಾರೇಜಿನ ಮುಂದೆ ಬಂದು ನಿಂತಿತು. ನಿಂತ ರೀತಿ ನೋಡಿಯೇ ನನಗೆ ಏನೋ ಬೇರೆ ಅನಿಸಿತು. ಚನ್ನಬಸಪ್ಪನವರು ನಿಲ್ಲಿಸಿದರೆ ಕಾರು ಮೂಗು ಮುಗ್ಗರಿಸಿ ನಿಲ್ಲುತ್ತದೆ. ಇದು ಎತ್ತಿನ ಗಾಡಿ ಕೊಟ್ಟಿಗೆಗೆ ಬಂದಷ್ಟು ಮೆತ್ತಗೆ ಬಂದು ನಿಂತಿತು. ಡ್ರೈವರ್ ಕಡೆಯ ಬಾಗಿಲು ತೆರೆದು ಇಳಕಲ್ ಸೀರೆಯ ಶಾರದಾ ಇಳಿದರು. ಇನ್ನೊಂದು ಕಡೆಯಿಂದ, ಬೀಜದ ಚೀಲದ ಜಾಗದಿಂದ, ಗಂಗವ್ವ ಇಳಿದಳು. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಚಹಾದ ಗ್ಲಾಸಿನಲ್ಲಿಟ್ಟೆ.

ಗಂಗವ್ವ ನೇರವಾಗಿ ವಿಷಯಕ್ಕೆ ಬಂದಳು.

"ಏನಪಾ ಈರಣ್ಣ, ಸತ್ತ ಮೀಟರ್ ಸುಮ್ನ ಸತ್ತಿತ್ತು. ಅದನ್ಯಾಕ ಎಬ್ಬಿಸಿದಿ?"

ಆಮೇಲೆ ಚಹಾ ಕುಡಿಯುತ್ತ ಎಲ್ಲ ಹೊರಗೆ ಬಂತು. ಸೋಮವಾರ, ಗುರುವಾರ ಚನ್ನಬಸಪ್ಪನವರು ಪಾಲುದಾರನ ಜೀಪಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುತ್ತಾರೆ. ಕಾರು ಮನೆಯಲ್ಲಿ, ಕೀಲಿ ಗೋಡೆಯ ಮೊಳೆಯಲ್ಲಿ ಇರುತ್ತವೆ. ಜೀಪು ಓಣಿ ದಾಟಿದ ಕೂಡಲೆ ಅತ್ತೆ ಸೊಸೆ ಕಾರು ತೆಗೆದು ಐರಣಿಗೆ ಹೋಗುತ್ತಾರೆ. ಐರಣಿ ಗಂಗವ್ವನ ತವರು, ತುಂಗಭದ್ರೆಯ ದಂಡೆಯ ಮೇಲಿದೆ. ಆಕೆಯ ತಂಗಿಯನ್ನು ಅದೇ ಊರಿಗೆ ಕೊಟ್ಟಿದ್ದಾರೆ. ಇಬ್ಬರೂ ಮುದುಕಿಯರು ಹೊಳೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಎಲೆ ಅಡಿಕೆ ಹಾಕುತ್ತ ಒಂದು ತಾಸು ಊರವರನ್ನೆಲ್ಲ ಆಡಿಕೊಂಡು ನಗುತ್ತಾರೆ. ಅಷ್ಟೇ. ಮಂಡಿ ನೋವಿನಿಂದ ಗಂಗವ್ವನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಮಗನನ್ನು ಕೇಳಿದಾಗಲೆಲ್ಲ ಅವನು ಗಾಡಿ ಬಹಳ ಕುಡಿಯುತ್ತದೆ, ಮುಂದಿನ ವಾರ ನೋಡೋಣ ಎನ್ನುತ್ತಿದ್ದನಂತೆ.

ಶಾರದಾ ಕರ್ಜಗಿಯ ಒಕ್ಕಲುತನದ ಮನೆಯ ಮಗಳು. ಮದುವೆಗೆ ಮೊದಲು ಅಪ್ಪನ ಟ್ರ್ಯಾಕ್ಟರಿನಲ್ಲಿ ಎರೆ ಹೊಲ ಉತ್ತವರು, ಹಾವೇರಿಗೆ ಹೋಗಿ ಕಾರಿನ ಲೈಸೆನ್ಸನ್ನೂ ಮಾಡಿಸಿದವರು. ಲೈಸೆನ್ಸ್ ಎಲ್ಲಿದೆ ಎಂದು ಕೇಳಿದೆ. ಜೋಳದ ಡಬ್ಬಿಯಲ್ಲಿದೆ, ಆಗಾಗ ರಿನ್ಯೂ ಮಾಡಿಸಿ ಮತ್ತೆ ಅಲ್ಲೇ ಇಡುತ್ತೇನೆ ಎಂದರು. ಗಂಡನಿಗೆ ಯಾಕೆ ಹೇಳಲಿಲ್ಲ ಎಂದರೆ, ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದ್ದರಂತೆ. ಹೆಣ್ಣುಮಕ್ಕಳು ಸ್ಟೇರಿಂಗ್ ಹಿಡಿದರೆ ಕ್ಲಚ್ ಪ್ಲೇಟ್ ಉಳಿಯುವುದಿಲ್ಲ ಎಂದು ಅವರು ನಕ್ಕುಬಿಟ್ಟರಂತೆ. ಆಮೇಲೆ ಕೇಳಲಿಲ್ಲ.

ಈಗ ಮೀಟರ್ ಎಚ್ಚರವಾಗಿ ಕೂತಿದೆ. ಇವತ್ತು ಇವರು ಐರಣಿಗೆ ಹೋಗಿ ಬಂದು, ಸಂಜೆ ಚನ್ನಬಸಪ್ಪ ಅದನ್ನು ನೋಡಿದರೆ ಆ ದಾರಿಯೆಲ್ಲ ಅದರಲ್ಲಿ ಬರೆದಿರುತ್ತದೆ. ಗಂಡನಿಗೆ ಗೊತ್ತಾದರೆ ಕೀಲಿ ಬೀರುವಿಗೆ ಹೋಗುತ್ತದೆ. ಗಂಗವ್ವನ ಹೊಳೆ ಅಲ್ಲಿಗೆ ಮುಗಿಯಿತು, ಶಾರದಾರ ಸ್ಟೇರಿಂಗೂ ಮುಗಿಯಿತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ನಾನು ಕಾರಿನ ಕೆಳಗೆ ತೂರಿ, ಕೇಬಲ್ಲಿನ ನಟ್ಟನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿಬಿಟ್ಟೆ. ಮೀಟರ್ ಮತ್ತೆ ಸತ್ತಿತು. ಹೊಸ ಕೇಬಲ್ಲೂ ಲಟಕ್ಕನೆ ಹೋಯಿತು ಎಂದು ಹೇಳಿದರಾಯಿತು, ನನ್ನ ಮರ್ಯಾದೆ ಸ್ವಲ್ಪ ಹೋದರೆ ಹೋಗಲಿ ಎಂದುಕೊಂಡೆ.

ಸ್ವಲ್ಪ ಹೋಗಲಿಲ್ಲ. ಇನ್ನೊಂದು ವಾರಕ್ಕೆ ಚನ್ನಬಸಪ್ಪ ಬಂದು ಅಂಗಡಿ ಬೀದಿಯ ನಾಲ್ಕು ಜನರ ಮುಂದೆಯೇ ನನ್ನನ್ನು ತರಾಟೆಗೆ ತೆಗೆದುಕೊಂಡರು. ಮೀಟರ್ ಹೋಯಿತು, ಪೆಟ್ರೋಲ್ ಮಾತ್ರ ಮೊದಲಿನಂತೆಯೇ ಹೋಗುತ್ತಿದೆ, ನೀನೆಂಥ ಆ್ಯವರೇಜ್ ಈರಣ್ಣ ಎಂದು. ಹಾವೇರಿಯವನು ಸೋಮವಾರ ಬಂದು ಕಾರು ಒಯ್ಯುತ್ತಾನೆ, ಮಾತಾಗಿದೆ ಎಂದರು.

ನನ್ನ ಸ್ಥಿತಿ ನೋಡಿ. ಕಾರಿನಲ್ಲಿ ದೋಷವಿಲ್ಲ ಎಂದರೆ ಪೆಟ್ರೋಲ್ ಎಲ್ಲಿ ಹೋಯಿತು ಎಂಬ ಪ್ರಶ್ನೆ ಮನೆಯೊಳಗೆ ಹೋಗುತ್ತದೆ. ದೋಷವಿದೆ ಎಂದರೆ ಕಾರು ಹಾವೇರಿಗೆ ಹೋಗುತ್ತದೆ. ನಾನು ಎಷ್ಟು ಚೆನ್ನಾಗಿ ರಿಪೇರಿ ಮಾಡುತ್ತೇನೋ ಅಷ್ಟು ಆ ಹೆಣ್ಣುಮಕ್ಕಳನ್ನು ಸಿಕ್ಕಿಸುತ್ತೇನೆ. ಇಂಥ ಗಾಡಿಯನ್ನು ಉಸ್ತಾದರೂ ಕಂಡಿರಲಿಲ್ಲ. ಆ ಹೊತ್ತಿಗೆ ಹೊಳೆದದ್ದು ಅವರ ಹಳೆಯ ಬಾಟಲಿ ಪರೀಕ್ಷೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಟ್ಯಾಂಕಿನ ಪೈಪ್ ಬಿಚ್ಚಿ, ಅಳೆದು ಒಂದೇ ಲೀಟರ್ ಪೆಟ್ರೋಲ್ ತುಂಬಿದ ಬಾಟಲಿಯನ್ನು ಬಾನೆಟ್ಟಿನೊಳಗೆ ಕಟ್ಟಿ, ಪೈಪನ್ನು ಅದಕ್ಕೆ ಜೋಡಿಸುತ್ತಿದ್ದೆವು. ಆಮೇಲೆ ಕಾರು ಹೊರಟು ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗಿನ ದಾರಿಯೇ ಅದರ ಆ್ಯವರೇಜ್. ಮೀಟರ್ ಬೇಡ, ಬಂಕ್ ಬೇಡ, ಓಣಿಯ ಹುಡುಗರೂ ಬೇಡ. ಈಗ ನೀವು ಇದನ್ನು ಮಾಡಲು ಹೋಗಬೇಡಿ, ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲ್ ಬಾಟಲಿ ಕಟ್ಟುವುದು ಬುದ್ಧಿವಂತರ ಕೆಲಸವಲ್ಲ. ನಾವು ಬುದ್ಧಿವಂತರೆಂದು ಯಾರೂ ಹೇಳಿರಲಿಲ್ಲ. ಮಾರುವ ಮೊದಲು ಒಮ್ಮೆ ಕಣ್ಣಾರೆ ನೋಡಿಬಿಡಿ ಎಂದೆ. ಕಾರು ಹದಕ್ಕೆ ಬಂದದ್ದನ್ನು ಕಂಡರೆ ಅವರ ಮನಸ್ಸು ಕರಗೀತು, ಹೋದ ಪೆಟ್ರೋಲಿನ ಮಾತು ಮರೆತಾರು ಎಂಬುದು ನನ್ನ ದೂರಾಲೋಚನೆ. ಅವರು ಒಪ್ಪಿದರು.

ಭಾನುವಾರ ಬೆಳಿಗ್ಗೆ ಹೊರಟೆವು. ಚನ್ನಬಸಪ್ಪ ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ, ಪೆಟ್ರೋಲ್ ಕ್ಯಾನ್ ಡಿಕ್ಕಿಯಲ್ಲಿ. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ. ಕಾರಿಗೆ ಕೊನೆಯ ಸಲ ಕೂರುತ್ತೇನೆ ಎಂದು ಗಂಗವ್ವ ಹಟ ಹಿಡಿದಿದ್ದಳು. ಹಾವೇರಿ ದಿಕ್ಕಿಗೆ, ಮೋಟೆಬೆನ್ನೂರಿನ ಕಡೆ ಓಡಿಸಿದೆವು.

ಸಾಹುಕಾರರ ಪಕ್ಕ ಕೂತು ಓಡಾಡಿದ್ದು ಅದೇ ಮೊದಲು. ಊರು ದಾಟುವ ಹೊತ್ತಿಗೆ ನನಗೆ ಅರ್ಧ ರೋಗ ಗೊತ್ತಾಯಿತು. ಅವರ ಎಡಗಾಲು ಕ್ಲಚ್ಚಿನ ಮೇಲೆ ಮಲಗಿಯೇ ಇರುತ್ತದೆ. ಬಲಗಾಲು ಕಲ್ಲು ಒಡೆಯುವವನದು. ಎದುರಿಗೆ ಖಾಲಿ ರಸ್ತೆ ಕಂಡರೆ ಒತ್ತು, ಲಾರಿ ಕಂಡರೆ ಬ್ರೇಕ್, ಲಾರಿ ಹೋದರೆ ಮತ್ತೆ ಒತ್ತು. ಗಂಗವ್ವನ ತಲೆ ಮುಂದಕ್ಕೂ ಹಿಂದಕ್ಕೂ ತೂಗುತ್ತಿತ್ತು. ಮೋಟೆಬೆನ್ನೂರು ಕಣ್ಣಿಗೆ ಕಾಣುವ ಮೊದಲೇ ಕಾರು ಎರಡು ಸಲ ಕೆಮ್ಮಿ ನಿಂತಿತು.

ಅವರು ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. ಗೆದ್ದ ಮುಖದಲ್ಲಿ ದುಃಖವೂ ಇತ್ತು, ಪಾಪ. ನಾನು ಮೆತ್ತಗೆ, ದೋಷ ಕಾರಿನದ್ದಲ್ಲ ಸಾಹುಕಾರ್ರೆ, ಕಾಲಿನದ್ದು ಎಂದೆ. ಅವರಿಗೆ ಸಿಟ್ಟು ಬಂತು. ಹಾಗಾದರೆ ನೀನೇ ಓಡಿಸಿ ತೋರಿಸು ಎಂದರು. ನಾನು ಓಡಿಸಿದರೆ ಮೆಕ್ಯಾನಿಕನ ಕೈಚಳಕ ಎನ್ನುತ್ತೀರಿ ಎಂದೆ. ಹೆದ್ದಾರಿಯ ಲಾರಿಗಳು ಗಾಳಿ ಹೊಡೆದು ಹೋಗುತ್ತಿದ್ದವು.

ಹಿಂದಿನಿಂದ ಗಂಗವ್ವ, "ಹಂಗಾರ ಶಾರದಾ ಹೊಡೀಲಿ" ಎಂದಳು.

ಚನ್ನಬಸಪ್ಪ ಮೊದಲು ಅರ್ಥವಾಗದೆ ನೋಡಿದರು, ಆಮೇಲೆ ನಕ್ಕರು. ಆಗಲಿ, ಇವಳು ಓಡಿಸಿದರೆ ಎದುರಿನ ಆ ಗಿಡವನ್ನೂ ದಾಟುವುದಿಲ್ಲ, ಆಗಲಾದರೂ ನಿಮಗೆಲ್ಲ ಸಮಾಧಾನವಾಗಲಿ ಎಂದು ಕೀಲಿಯನ್ನು ತಮಾಷೆಗೆ ಹೆಂಡತಿಯ ಮುಂದೆ ಹಿಡಿದರು. ನಾನು ಎರಡನೆಯ ಲೀಟರ್ ಸುರಿದು ಬಾನೆಟ್ ಮುಚ್ಚಿದೆ.

ಶಾರದಾ ಡ್ರೈವರ್ ಸೀಟಿನಲ್ಲಿ ಕೂತರು, ಸಾಹುಕಾರರು ಹಿಂದೆ ಹೋದರು. ಈಗ ಅವರ ಮುಂದೆ ಎರಡೇ ದಾರಿ. ಬಾರದವರ ಹಾಗೆ ನಾಲ್ಕು ಸಲ ಎಂಜಿನ್ ಬಂದ್ ಬೀಳಿಸಿ ಇಳಿದರೆ ಗುಟ್ಟು ಉಳಿಯುತ್ತದೆ, ಕಾರು ನಾಳೆ ಹೋಗುತ್ತದೆ. ಸರಿಯಾಗಿ ಓಡಿಸಿದರೆ ಕಾರು ಉಳಿದರೂ ಉಳಿಯಬಹುದು, ಗುಟ್ಟು ಹೋಗುತ್ತದೆ. ಮೊದಲ ಸಲ ಬಂದ್ ಬಿತ್ತು. ಬೇಕೆಂದೇ ಬೀಳಿಸಿದರೋ, ಹೆದರಿಕೆಗೆ ಬಿತ್ತೋ, ಅವರನ್ನು ನಾನು ಕೇಳಿಲ್ಲ. ಚನ್ನಬಸಪ್ಪ ಹಿಂದಿನ ಸೀಟಿನಿಂದ ಕ್ಲಚ್, ಕ್ಲಚ್ ಎಂದು ಪಾಠ ಶುರು ಮಾಡಿದರು. ಶಾರದಾ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿದರು. ಗಂಗವ್ವ ಒಮ್ಮೆ ತಲೆಯಾಡಿಸಿದಳು. ಶಾರದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, ಕಾರನ್ನು ಎಬ್ಬಿಸಿ, ಕನ್ನಡಿ ನೋಡಿ, ಹೆದ್ದಾರಿಯಲ್ಲಿ ತಿರುವು ಸಿಕ್ಕಲ್ಲಿ ತಿರುಗಿಸಿ ರಾಣೇಬೆನ್ನೂರಿನ ಕಡೆ ಹೊರಟರು.

ಮೂರನೆಯ ಗೇರಿಗೆ ಚನ್ನಬಸಪ್ಪನವರ ಪಾಠ ನಿಂತಿತು. ನಾಲ್ಕನೆಯದಕ್ಕೆ ಬಂದಾಗ ನಾನು ಓರೆಗಣ್ಣಿನಲ್ಲಿ ಹಿಂದೆ ನೋಡಿದೆ, ಬಾಯಿ ತೆರೆದೇ ಇತ್ತು. ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂಡಿದವರ ಕಾಲು ಅದು. ದೂರದಲ್ಲಿ ಲಾರಿ ಕಂಡರೆ ಬ್ರೇಕ್ ಒತ್ತದೆ ಕಾಲು ಸಡಿಲಿಸುತ್ತಿದ್ದರು, ಅದರ ಹತ್ತಿರ ಹೋಗುವಷ್ಟರಲ್ಲಿ ದಾರಿ ತಾನೇ ಬಿಡುತ್ತಿತ್ತು. ಎಂಜಿನ್ ಹಾಡಿಕೊಳ್ಳುತ್ತಿತ್ತು. ಗಂಗವ್ವನ ತಲೆ ಅಲ್ಲಾಡಲಿಲ್ಲ. ಇಷ್ಟೊತ್ತಿಗೆ ನಿಲ್ಲಬೇಕಿತ್ತು, ನಿಲ್ಲಬೇಕಿತ್ತು ಎಂದು ನಾನು ಮೈಲುಗಲ್ಲು ಎಣಿಸುತ್ತಿದ್ದಾಗ ನನ್ನ ಗ್ಯಾರೇಜೇ ಬಂದು ದಾಟಿಹೋಯಿತು. ನನಗೆ ಕೂಗಬೇಕೆನಿಸಿ ತುಟಿ ಕಚ್ಚಿಕೊಂಡೆ.

ಚನ್ನಬಸಪ್ಪ ಗಂಟಲು ಸರಿಮಾಡಿಕೊಂಡು, ಬರುವಾಗ ಇಳಿಜಾರು ಇರುತ್ತದೆ ಎಂದರು. ಹೋಗಲಿ, ಎಲ್ಲಿ ನಿಲ್ಲುತ್ತದೋ ನೋಡೇಬಿಡೋಣ ಎಂದು ತಾವೇ ಹೇಳಿದರು. ಊರೊಳಗೆ ಶಾರದಾ ಯಾರನ್ನೂ ಕೇಳದೆ ಎಡಕ್ಕೆ, ಬಲಕ್ಕೆ ತಿರುಗಿಸಿದರು. ಕೈಗೆ ರೂಢಿಯಾದ ದಾರಿ. ಕಾರು ರಾಣೇಬೆನ್ನೂರು ದಾಟಿ ಐರಣಿಯ ರಸ್ತೆ ಹಿಡಿದದ್ದು ಅವರಿಗೇ ಅರಿವಾಗಲಿಲ್ಲವೇನೋ. ಗಂಗವ್ವನಿಗೆ ಅರಿವಾಗಿತ್ತು. ಎಲೆ ಅಡಿಕೆಯ ಚೀಲ ತೆಗೆದಿದ್ದಳು.

ಒಂದು ಬೇವಿನ ಮರದ ಹತ್ತಿರ ಬಾಟಲಿ ಮುಗಿಯಿತು. ಕಾರು ತನ್ನ ಪಾಡಿಗೆ ಉರುಳಿ ಮಂಡಕ್ಕಿ ಕಲೆಸಿ ಕೊಡುವ ಒಂದು ಗಿರ್ಮಿಟ್ ಅಂಗಡಿಯ ಮುಂದೆ, ಅಳೆದಂತೆ, ನಿಂತಿತು. ಒಳಗಿನಿಂದ ಅಂಗಡಿಯವನು ಒಂದು ಕುರ್ಚಿ ತಂದು ಗಂಗವ್ವನ ಬಾಗಿಲ ಬಳಿ ಇಟ್ಟ. ಯಾರೂ ಹೇಳದೆಯೇ, ಈರುಳ್ಳಿ ಹಾಕದ ಒಂದು ಪ್ಲೇಟ್ ಗಿರ್ಮಿಟ್ ಕಲೆಸಿ ಅವಳ ಕೈಗೆ ಕೊಟ್ಟ. ಆಮೇಲೆ ಚನ್ನಬಸಪ್ಪನವರನ್ನು ಮೇಲಿಂದ ಕೆಳಗೆ ನೋಡಿ ಶಾರದಾರನ್ನು ಕೇಳಿದ:

"ಅಕ್ಕಾರ, ಇವತ್ತ ಐತವಾರ ಬಂದೀರಿ? ಇವರ್ಯಾರ್ರಿ, ಹೊಸಬರು?"

"ನನ್ನ ಮಗನಪಾ," ಎಂದಳು ಗಂಗವ್ವ, "ಗಾಡಿ ಇವಂದು."

ನಾನು ಬಾನೆಟ್ ಎತ್ತಿ ಅದರ ಹಿಂದೆ ತಲೆ ಮರೆಸಿಕೊಂಡೆ. ಮೆಕ್ಯಾನಿಕನ ವೃತ್ತಿಯಲ್ಲಿ ಇದೊಂದು ದೊಡ್ಡ ಅನುಕೂಲ, ಇರಿಸುಮುರಿಸಿನ ಸಮಯದಲ್ಲಿ ಎತ್ತಿಕೊಳ್ಳಲು ಒಂದು ಬಾನೆಟ್ ಇರುತ್ತದೆ. ಆದರೆ ಕಿವಿ ಅಲ್ಲೇ ಇತ್ತು. ಟ್ಯಾಂಕಿನ ಬೀಗ, ಬದಲಿಸಿದ ಬಂಕು, ಓಣಿಯ ಹುಡುಗರು, ಎಲ್ಲ ಚನ್ನಬಸಪ್ಪನವರ ತಲೆಯಲ್ಲಿ ಮೆರವಣಿಗೆ ಹೊರಟಿರಬೇಕು. ಕೊನೆಗೆ ಹೆಂಡತಿಯನ್ನು ಕೇಳಿದರು.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಕೀಲಿ ಕೊಡ್ತಿದ್ರೇನು?"

ಗಂಗವ್ವ ಗಿರ್ಮಿಟ್ ಜಗಿಯುತ್ತ, ಬೈಯುವ ದನಿಯಲ್ಲಲ್ಲ, ಸಾದಾ ದನಿಯಲ್ಲೇ ಹೇಳಿದಳು: "ಹೊಳಿಗೆ ಕರ್ಕೊಂಡ ಹೋಗಪಾ ಅಂತ ನಾ ಕೇಳಿದಾಗೆಲ್ಲ ಗಾಡಿ ಭಾಳ ಕುಡೀತೈತಿ ಅಂದಿ. ಈಕಿ ಹೊಡದ್ರ ಅಷ್ಟ ಕುಡಿಯಂಗಿಲ್ಲಪಾ ಅದು."

ಚನ್ನಬಸಪ್ಪ ರಸ್ತೆಯ ಆಚೆಗೆ ಮುಖ ತಿರುಗಿಸಿ ನಿಂತರು. ಬೆನ್ನು ನನ್ನ ಕಡೆ ಇತ್ತು. ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ತಿರುಗಿದಾಗ ನೋಡಿದರೆ ಕಣ್ಣಲ್ಲಿ ನೀರು ಇತ್ತು ನಿಜ, ಆದರೆ ನಗುತ್ತಿದ್ದರು. ಬೀಗ, ಬೀಗ ಎಂದು ಹೇಳಲು ಹೋಗಿ ಆಗದೆ ಅಂಗಡಿಯ ಕಂಬ ಹಿಡಿದುಕೊಂಡರು. ಮೊದಲು ಗಂಗವ್ವ ನಕ್ಕಳು, ಆಮೇಲೆ ನಾನು, ಏನೂ ತಿಳಿಯದ ಅಂಗಡಿಯವನೂ ನಕ್ಕ. ಶಾರದಾ ಮಾತ್ರ ಇನ್ನೂ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು.

ಪೈಪನ್ನು ಟ್ಯಾಂಕಿಗೆ ಮರಳಿ ಜೋಡಿಸಲು ನಾನು ಬಗ್ಗಿದೆ. ಚನ್ನಬಸಪ್ಪ ತಡೆದರು.

"ಟ್ಯಾಂಕ್ ಬ್ಯಾಡ, ಈರಣ್ಣ. ಬಾಟ್ಲಿಗೆ ಇನ್ನೊಂದು ಲೀಟರ್ ಹಾಕು. ಆಕಿ ಎಲ್ಲಿತನ ಒಯ್ತಾಳ ನೋಡೂಣು."

ಹಾಗೆಂದು ಹಿಂದಿನ ಬಾಗಿಲು ತೆರೆದು ತಾಯಿಯ ಪಕ್ಕ ಕೂತರು. ಶಾರದಾ ಒಂದು ಗಳಿಗೆ ಗಂಡನ ಮುಖ ನೋಡಿ, ಆಮೇಲೆ ನಕ್ಕರು. ಅಂಥ ನಗು ಬಂದ ಮೇಲೆ ಕಾರು ನಿಲ್ಲುವುದುಂಟೇ. ಐರಣಿಯವರೆಗೆ ಎಲ್ಲರೂ ಒಟ್ಟಿಗೆ ಮಾತಾಡಿದೆವು, ಯಾರ ಮಾತೂ ಯಾರಿಗೂ ಕೇಳಲಿಲ್ಲ.

ಹೊಳೆಯ ದಂಡೆಯಲ್ಲಿ ಅಕ್ಕ ತಂಗಿ ನೀರಿಗೆ ಕಾಲು ಇಳಿಬಿಟ್ಟರು. ಸಾಹುಕಾರರು ಪಂಚೆ ಎತ್ತಿಕೊಂಡು ಮಂಡಿಯುದ್ದ ನೀರಿಗಿಳಿದು, ಹಾವೇರಿಯವನಿಗೆ ಫೋನ್ ಮಾಡಿದರು. ಗಾಡಿ ಕೊಡುವುದಿಲ್ಲ ಎಂದರು. ಆ ಕಡೆಯವನು ಯಾಕೆ, ರಿಪೇರಿ ಆಯಿತೇ ಎಂದು ಕೇಳಿರಬೇಕು. "ರಿಪೇರಿ ಅಲ್ರೀ," ಎಂದರು, "ಡ್ರೈವರ್ ಬದಲಿ ಆಗ್ಯಾರ."

ನಾನು ಬೆನ್ನಡಿ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಮಲಗಿದ್ದೆ. ಈಗ ಕಂಪ್ಯೂಟರ್ ಬಂದಿದೆ, ವೈರ್ ಚುಚ್ಚಿದರೆ ಗಾಡಿಯ ರೋಗವನ್ನೆಲ್ಲ ಪರದೆಯ ಮೇಲೆ ಹೇಳುತ್ತದೆ, ಬಹಳ ಒಳ್ಳೆಯದು, ನೀವು ಅದನ್ನು ಚೆನ್ನಾಗಿ ಕಲಿಯಿರಿ. ಆದರೆ ಆ ದಿನ ಮಾಡಬೇಕಾದ ಕೆಲಸ ಒಂದೇ ನಟ್ಟಿನದ್ದಾಗಿತ್ತು. ಮೀಟರಿನ ಕೇಬಲ್ಲನ್ನು ಮತ್ತೆ ಜೋಡಿಸಲೋ ಬೇಡವೋ ಎಂದು ತಲೆ ಹೊರಗೆ ಹಾಕಿ ಶಾರದಾರನ್ನು ಕೇಳಿದೆ. ಅವರು ಒದ್ದೆ ಕಾಲಿನಲ್ಲಿ ಬಂದು ಕಾರಿಗೆ ಒರಗಿ ನಿಂತರು.

"ಹಚ್ಚರಿ ಮೀಟರ್," ಎಂದರು. "ನಾವು ಎಲ್ಲೆಲ್ಲಿ ಹೋಗೀವಿ ಅಂತ ಇನ್ನ ಮ್ಯಾಲ ಅದೂ ಬರಕೊಳ್ಳಲಿ."